ಗೋಡೆ ಬಂತು, ಮಾತು ಬರಲಿಲ್ಲ

ಕಟ್ಟಡದ ನಕ್ಷೆ ಮಾಡುವವರನ್ನು ಹಿಡಿದು, ನಿಮ್ಮ ಕೆಲಸದಲ್ಲಿ ತುಂಬ ತಲೆ ತಿನ್ನೋದು ಯಾವುದು ಅಂತ ಕೇಳಿ ನೋಡಿ. ಗೋಡೆ, ಕಂಬ, ಮೆಟ್ಟಿಲು ಅಂತಾರೆ ಅಂದುಕೊಂಡಿದ್ದರೆ ಅಲ್ಲ. ಗೋಡೆ ಪಾಪ, ಎಳೆದ ಕಡೆ ಸುಮ್ಮನೆ ನಿಂತಿರುತ್ತೆ. ತಲೆ ತಿನ್ನೋದು ಅಕ್ಷರ! ಅಳತೆಗಳು, ಟಿಪ್ಪಣಿಗಳು, ಟ್ಯಾಗುಗಳು, ಗ್ರಿಡ್ ಗೆರೆಯ ತುದಿಯ ಗುಂಡುಗಳು... ಇವಕ್ಕೆಲ್ಲ ಸೇರಿ ಅನೋಟೇಶನ್ ಅಂತ ಹೆಸರು. ಬೇಕಾದಾಗ ಕಾಣಲ್ಲ, ಬೇಡದಾಗ ಒಂದರ ಮೇಲೊಂದು ಎರಡೆರಡು ಸಲ ಕಾಣುತ್ತವೆ.

ಈ ಕಣ್ಣಾಮುಚ್ಚಾಲೆಗೆ ಒಂದು ಕಾರಣ ಇದೆ. ಅದನ್ನೇ ಬರೆಯೋಣ ಅಂತ ಇವತ್ತು ಕೂತೆ. ಸಾಫ್ಟ್‌ವೇರ್ ಪುರಾಣ ಅಂತ ಎದ್ದು ಹೋಗಬೇಡಿ. ಒಂದು ಮನೆ ಕಟ್ಟಿಸಬೇಕು ಅಂತಿರುವವರಿಗೂ ಇದು ಸೇರಿದ ವಿಷಯವೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಂಪ್ಯೂಟರ್ ಬರುವ ಮುಂಚೆ ಆರ್ಕಿಟೆಕ್ಟ್ ಬರೆದ ಹಾಳೆಯ ಮೇಲೆ ಇನ್ನೊಂದು ಟ್ರೇಸಿಂಗ್ ಹಾಳೆ ಹಾಸಿ ಸ್ಟ್ರಕ್ಚರಲ್ ಇಂಜಿನಿಯರು ಕಂಬ, ಬೀಮು ಬರೀತಿದ್ದರು. ಕೆಳಗಿನ ಹಾಳೆಯಲ್ಲಿ ಏನು ಬರೆದಿದ್ದರೂ ಮೇಲಿನವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಬೇಡ ಅಂದರೂ ಬೀಳುತ್ತಿತ್ತು.

ಆಮೇಲೆ ಆಟೋಕ್ಯಾಡ್ ಬಂತು. 1990ರಲ್ಲಿ ಬಂದ ಅದರ 11ನೇ ಆವೃತ್ತಿಯಲ್ಲಿ ಎಕ್ಸ್‌ರೆಫ್ ಅನ್ನೋ ಸೌಲಭ್ಯ ಸೇರಿತು. ಒಬ್ಬರ ಫೈಲನ್ನು ಇನ್ನೊಬ್ಬರ ಫೈಲಿನ ಅಡಿಗೆ ಹಾಸಿಕೊಳ್ಳೋದು, ಅಷ್ಟೆ. ಟ್ರೇಸಿಂಗ್ ಹಾಳೆಯದ್ದೇ ಹೊಸ ಅವತಾರ. ಅಲ್ಲೂ ಮಾಡೆಲ್ ಸ್ಪೇಸಿನಲ್ಲಿ ಬರೆದ ಗೋಡೆ, ಅಕ್ಷರ, ಅಳತೆ ಎಲ್ಲ ಒಟ್ಟಿಗೇ ಬರುತ್ತಿದ್ದವು. ನಮಗೆ ಬೇಡವಾದ ಲೇಯರುಗಳನ್ನು ಒಂದೊಂದಾಗಿ ಆರಿಸುತ್ತಾ ಕೂರಬೇಕಿತ್ತು. ಆಗಿನ ಗೋಳು ಅಂದರೆ ಗದ್ದಲ. ಆದರೆ ಗದ್ದಲದಲ್ಲಿ ಒಂದು ಒಳ್ಳೇದಿದೆ ನೋಡಿ. ಯಾರೂ ಏನೂ ಹೇಳಲೇ ಇಲ್ಲ ಅನ್ನೋಕಾಗಲ್ಲ.

ರೆವಿಟ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ರೆವಿಟ್ಟಿನ ಮೊದಲ ಆವೃತ್ತಿ ಬಂದದ್ದು 2000ದಲ್ಲಿ. 2002ರಲ್ಲಿ ಆಟೋಡೆಸ್ಕ್ ಕಂಪನಿ ಅದನ್ನು ಕೊಂಡುಕೊಂಡಿತು. ಇದರಲ್ಲಿ ಗೆರೆ ಎಳೆಯೋದಿಲ್ಲ, ಕಟ್ಟಡವನ್ನೇ ಕಟ್ಟುತ್ತೀವಿ. ಗೋಡೆ ಅಂದರೆ ಎರಡು ಗೆರೆಯಲ್ಲ, ದಪ್ಪ ಎತ್ತರ ಇರುವ ನಿಜವಾದ ಗೋಡೆ. ಪ್ಲಾನು, ಸೆಕ್ಷನ್ನು, ಎಲಿವೇಶನ್ನು ಎಲ್ಲ ಆ ಒಂದೇ ಕಟ್ಟಡವನ್ನು ಬೇರೆ ಬೇರೆ ಕಿಟಕಿಯಿಂದ ನೋಡಿದ ಹಾಗೆ. ಕಿಟಕಿಗೆ ಅಲ್ಲಿ ವ್ಯೂ ಅಂತ ಹೆಸರು.

ಈಗ ಮುಖ್ಯ ವಿಷಯ. ಗೋಡೆ ಸೇರಿದ್ದು ಕಟ್ಟಡಕ್ಕೆ. ಆದರೆ ಅಕ್ಷರ ಸೇರಿದ್ದು ಕಿಟಕಿಗೆ. ನೀವು ಒಂದನೇ ಮಹಡಿಯ ಪ್ಲಾನಿನಲ್ಲಿ ಒಂದು ಟಿಪ್ಪಣಿ ಬರೆದರೆ ಅದು ಆ ಕಿಟಕಿಯ ಗಾಜಿನ ಮೇಲೆ ಬರೆದ ಹಾಗೆ. ಪಕ್ಕದ ಕಿಟಕಿಯಿಂದ ನೋಡಿದರೆ ಗೋಡೆ ಕಾಣುತ್ತೆ, ಬರಹ ಕಾಣಲ್ಲ.

ದೊಡ್ಡ ಕೆಲಸಗಳಲ್ಲಿ ಆರ್ಕಿಟೆಕ್ಟ್‌ಗೆ ಒಂದು ಫೈಲು, ಸ್ಟ್ರಕ್ಚರ್‌ನವರಿಗೆ ಒಂದು, ಪೈಪು ಡಕ್ಟು ವೈರಿಂಗ್‌ನವರಿಗೆ ಇನ್ನೊಂದು. ಒಬ್ಬರ ಫೈಲನ್ನು ಇನ್ನೊಬ್ಬರು ಲಿಂಕ್ ಮಾಡಿಕೊಳ್ತಾರೆ. ಹಾಗೆ ಲಿಂಕ್ ಮಾಡಿದಾಗ ಪಕ್ಕದ ಮನೆಯ ಕಟ್ಟಡವೆಲ್ಲ ನಮ್ಮ ಫೈಲಿಗೆ ಬರುತ್ತೆ. ಅವರ ಕಿಟಕಿಯ ಗಾಜಿನ ಮೇಲಿನ ಬರಹ ಮಾತ್ರ ಅಲ್ಲೇ ಉಳಿಯುತ್ತೆ. ಟೆಕ್ಸ್ಟ್, ಅಳತೆ, ಟ್ಯಾಗು ಯಾವುದೂ ಬರಲ್ಲ. ಗ್ರಿಡ್ಡುಗಳೂ ಲೆವೆಲ್ಲುಗಳೂ ಮಾತ್ರ ಕರೆಯದೇ ಬರುವ ನೆಂಟರ ಹಾಗೆ ಬಂದುಬಿಡುತ್ತವೆ. ನಮ್ಮ ಫೈಲಿನಲ್ಲೂ ಅವೇ ಗ್ರಿಡ್ಡುಗಳು ಇದ್ದರೆ ಒಂದರ ಮೇಲೊಂದು ಗುಂಡು ಕೂತು, ಅಕ್ಷರ ಓದೋಕೇ ಆಗಲ್ಲ.

ಇದನ್ನು ಹತೋಟಿಗೆ ತರೋಕೆ ಮೂರು ದಾರಿ ಕೊಟ್ಟಿದ್ದಾರೆ. ವಿಸಿಬಿಲಿಟಿ ಗ್ರಾಫಿಕ್ಸ್ ಅನ್ನೋ ಕಿಟಕಿ ತೆಗೆದು ರೆವಿಟ್ ಲಿಂಕ್ಸ್ ಅನ್ನೋ ಹಾಳೆಗೆ ಹೋದರೆ ಕಾಣುತ್ತೆ.

ಮೊದಲನೆಯದು ಬೈ ಹೋಸ್ಟ್ ವ್ಯೂ. ನಮ್ಮ ಮನೆಗೆ ಬಂದವರು ನಮ್ಮ ಮನೆಯ ಪದ್ಧತಿಯಂತೆ ಇರಬೇಕು, ಅಂದರೆ ನಾವು ಏನನ್ನು ತೋರಿಸ್ತೀವೋ ಅದೇ. ಸುಮ್ಮನೆ ಬಿಟ್ಟರೆ ಇರೋದು ಇದೇ. ಎರಡನೆಯದು ಬೈ ಲಿಂಕ್ಡ್ ವ್ಯೂ. ಅವರ ಫೈಲಿನ ಒಂದು ವ್ಯೂವನ್ನು ಆರಿಸಿಕೊಂಡರೆ, ಅವರು ಅಲ್ಲಿ ಹೇಗೆ ನೋಡ್ತಾರೋ ಹಾಗೇ ನಮಗೂ ಕಾಣುತ್ತೆ, ಗಾಜಿನ ಮೇಲಿನ ಬರಹದ ಸಮೇತ. ಆದರೆ ಅದು ಅವರ ಬರಹ. ನಮ್ಮ ಬೀಮಿನ ಮೇಲೆ ಬಂದು ಕೂತರೂ ಒಂದಿಂಚು ಆಚೆ ಸರಿಸೋಕಾಗಲ್ಲ. ಮೂರನೆಯದು ಕಸ್ಟಮ್. ಯಾವುದು ಬೇಕು ಯಾವುದು ಬೇಡ ಅಂತ ಒಂದೊಂದು ಬಗೆಯನ್ನೂ ಆರಿಸಬಹುದು. ಎರಡೆರಡು ಕಾಣುವ ಗ್ರಿಡ್ಡನ್ನು ಆರಿಸೋದು ಇಲ್ಲೇ, ಅನೋಟೇಶನ್ ಪಟ್ಟಿಯಲ್ಲಿ ಲಿಂಕಿನ ಗ್ರಿಡ್ ಮುಂದಿರುವ ಗುರುತು ತೆಗೆದು.

ಇಷ್ಟೇನಾ ಅಂದಿರಾ? ಇಷ್ಟೇ. ಆದರೆ ಈ ಇಷ್ಟರಲ್ಲೇ ಏನಾಗುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ.

ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟು. ಯಾರದ್ದು ಏನು ಅನ್ನೋದು ಬೇಡ ಬಿಡಿ. ನಾನು ಪೈಪಿನ ಕಡೆಯವನು. ಕಾಂಕ್ರೀಟ್ ಹಾಕುವ ಮೊದಲು ಸ್ಲೀವ್ ಎಲ್ಲೆಲ್ಲಿ ಬರುತ್ತೆ ಅಂತ ಗುರುತು ಹಾಕಿಸೋಕೆ ಹೋಗಿದ್ದೆ. ನಮ್ಮಲ್ಲಿ ಬಾತ್‌ರೂಮಿನ ಜಾಗದಲ್ಲಿ ಸ್ಲ್ಯಾಬನ್ನು ತಗ್ಗಿಸಿ ಹಾಕೋದು ನಿಮಗೆ ಗೊತ್ತಿರಬಹುದು. ಆ ತಗ್ಗಿನೊಳಗೆ ಪೈಪು ಓಡಿಸಿ, ವಾಟರ್‌ಪ್ರೂಫಿಂಗ್ ಮಾಡಿ, ತುಂಬಿ, ಮೇಲೆ ಟೈಲ್ಸ್ ಹಾಕ್ತಾರೆ. ಅದಕ್ಕೆ ಸಂಕನ್ ಸ್ಲ್ಯಾಬ್ ಅಂತಾರೆ. ಅಲ್ಲಿ ನೋಡಿದರೆ ಹಲಗೆ ಎಲ್ಲ ಒಂದೇ ಸಮ. ಕಂಬಿಯನ್ನೂ ಕಟ್ಟಿ ಆಗಿದೆ. ಬೆಳಗ್ಗೆ ಕಾಂಕ್ರೀಟು.

ನಾನು ಬಾಯಿ ತೆಗೆಯುವ ಮುಂಚೆಯೇ ಮೇಸ್ತ್ರಿ ಕೇಳಿದರು. "ಸಾರ್, ಇಲ್ಲಿ ಬಾತ್‌ರೂಮ್ ಬರಲ್ವಾ? ಹಿಂಗೆ ಹಾಕಿದ್ರೆ ಪೈಪು ಎಲ್ಲಿಂದ ಹೋಗ್ಬೇಕು?"

ಅವರ ಕೈಯಲ್ಲಿದ್ದ ಸ್ಟ್ರಕ್ಚರಲ್ ಹಾಳೆಯಲ್ಲಿ ತಗ್ಗಿನ ಸುದ್ದಿಯೇ ಇರಲಿಲ್ಲ. ಆರ್ಕಿಟೆಕ್ಟರ ಹಾಳೆಯಲ್ಲಿ ಇತ್ತು. 300 ಮಿಲಿಮೀಟರ್ ಸಂಕ್ ಅಂತ ಸ್ಪಷ್ಟವಾಗಿ ಟೆಕ್ಸ್ಟಿನಲ್ಲಿ ಬರೆದಿದ್ದರು. ಆದರೆ ಅವರ ಮಾಡೆಲ್ಲಿನಲ್ಲಿ ಸ್ಲ್ಯಾಬು ಮಟ್ಟಸವಾಗಿಯೇ ಇತ್ತು. ಸ್ಟ್ರಕ್ಚರ್‌ನವರು ಲಿಂಕ್ ಮಾಡಿಕೊಂಡಾಗ ಮಟ್ಟಸವಾದ ಸ್ಲ್ಯಾಬು ಬಂತು, ಅಕ್ಷರ ಬರಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಪರದೆಯ ಮೇಲೆ ಎಲ್ಲವನ್ನೂ ಸರಿಯಾಗಿಯೇ ನೋಡಿದ್ದರು.

ಕಂಬಿ ಬಿಚ್ಚಿ, ಹಲಗೆ ಇಳಿಸಿ, ಮತ್ತೆ ಕಟ್ಟೋಕೆ ನಾಲ್ಕು ದಿನ ಹಿಡಿಯಿತು. ಅಲ್ಲಿ ಕಂಬಿ ಕೆಲಸ ಟನ್ ಲೆಕ್ಕದ್ದು. ಒಂದೇ ಕಂಬಿಯನ್ನು ಎರಡು ಸಲ ಕಟ್ಟಿದರೂ ತೂಕ ಅಷ್ಟೇ ತಾನೆ? ಆ ಹುಡುಗರ ನಾಲ್ಕು ದಿನದ ಕೂಲಿ ಯಾರ ಲೆಕ್ಕಕ್ಕೆ ಅನ್ನೋ ಬಗ್ಗೆ ಆಫೀಸುಗಳ ನಡುವೆ ವಾರಗಟ್ಟಲೆ ಮಿಂಚಂಚೆ ಓಡಾಡಿದವು. ಕಿಟಕಿಯ ಗಾಜಿನ ಮೇಲೆ ಉಳಿದುಹೋದ ಒಂದು ಸಾಲಿನ ಬೆಲೆ ಕಟ್ಟಿದವರು, ರೆವಿಟ್ ಅನ್ನೋ ಹೆಸರನ್ನೇ ಕೇಳದವರು.

ಅಲ್ಲಿಂದ ಈಚೆಗೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಕಟ್ಟುವವರಿಗೆ ತಲುಪಲೇಬೇಕಾದ ವಿಷಯವನ್ನು ಬರೀ ಟೆಕ್ಸ್ಟಿನಲ್ಲಿ ಇಡಬಾರದು, ವಸ್ತುವಿನಲ್ಲೇ ಇಡಬೇಕು. ಸ್ಲ್ಯಾಬು ತಗ್ಗಬೇಕಾ? ಮಾಡೆಲ್ಲಿನಲ್ಲಿ ಅದನ್ನು 300 ಮಿಲಿಮೀಟರ್ ಕೆಳಗೇ ಇಳಿಸಿಬಿಡಿ. ಆಗ ಯಾರೇ ಲಿಂಕ್ ಮಾಡಿಕೊಳ್ಳಲಿ, ಯಾವ ಸೆಕ್ಷನ್ ಕತ್ತರಿಸಲಿ, ತಗ್ಗು ತಾನಾಗಿ ಕಾಣುತ್ತೆ. ಬಾಗಿಲು ಬೆಂಕಿಯನ್ನು ಎಷ್ಟು ಹೊತ್ತು ತಡೆಯಬೇಕು ಅನ್ನೋದನ್ನ ಬಾಗಿಲಿನ ಗುಣವಾಗಿಯೇ ತುಂಬಿ. ಬೇಕಾದವರು ತಮ್ಮ ಹಾಳೆಯಲ್ಲಿ ಟ್ಯಾಗ್ ಹಾಕಿ ಓದಿಕೊಳ್ತಾರೆ. ಲಿಂಕ್ ಆಗಿ ಬಂದ ಬಾಗಿಲಿಗೂ ಕೋಣೆಗೂ ನಮ್ಮ ಫೈಲಿನಿಂದಲೇ ಟ್ಯಾಗ್ ಹಾಕಬಹುದು. ನಾವೇ ಹೊಸದಾಗಿ ಮಾಡಿಕೊಂಡ ಗುಣವಾದರೆ ಅದು ಶೇರ್ಡ್ ಪ್ಯಾರಾಮೀಟರ್ ಆಗಿರಬೇಕು, ಇಲ್ಲದಿದ್ದರೆ ಟ್ಯಾಗಿಗೆ ಅದು ಸಿಗಲ್ಲ.

ಟೆಕ್ಸ್ಟಿಗೂ ಟ್ಯಾಗಿಗೂ ಇರೋ ವ್ಯತ್ಯಾಸವೇ ಇದು. ಟೆಕ್ಸ್ಟ್ ಅಂದರೆ ನಾವು ಹೇಳಿದ್ದು. ಟ್ಯಾಗ್ ಅಂದರೆ ವಸ್ತುವನ್ನೇ ಕೇಳಿದ್ದು. ಬಾಗಿಲು ಬದಲಾದರೂ ಟೆಕ್ಸ್ಟ್ ಹಳೆಯ ಮಾತನ್ನೇ ಹೇಳುತ್ತಾ ಕೂತಿರುತ್ತೆ. ಟ್ಯಾಗ್ ಹಾಗಲ್ಲ, ಲಿಂಕನ್ನು ಹೊಸದಾಗಿ ತಂದುಕೊಂಡ ಕೂಡಲೆ ಬಾಗಿಲಿನ ಈಗಿನ ಉತ್ತರವನ್ನು ತೋರಿಸುತ್ತೆ.

ಹಾಗಂತ ಟೆಕ್ಸ್ಟೇ ಬೇಡ ಅಂತಲ್ಲ. ಕೆಲವು ಮಾತುಗಳಿಗೆ ಕೂರೋಕೆ ವಸ್ತುವೇ ಇರಲ್ಲ. ಅಂಥವು ಪಕ್ಕದವರಿಗೆ ಕಾಣಬೇಕು ಅಂದರೆ ಅವರಿಗಾಗಿಯೇ ಒಂದು ವ್ಯೂ ಮಾಡಿಡೋದು ಒಳ್ಳೆಯದು. ಹೆಸರಿನಲ್ಲೇ 'ಲಿಂಕಿಗಾಗಿ, ಅಳಿಸಬೇಡಿ' ಅಂತ ಬರೆದಿಡಿ. ಯಾಕೆಂದರೆ ಫೈಲು ಭಾರವಾಯ್ತು ಅಂತ ಯಾರೋ ಒಬ್ಬರು ಒಂದು ದಿನ ಕಸ ಗುಡಿಸೋಕೆ ಕೂರ್ತಾರೆ. ಆ ವ್ಯೂ ಅಳಿಸಿತೋ, ಅದನ್ನೇ ನಂಬಿಕೊಂಡಿದ್ದ ಪಕ್ಕದ ಆಫೀಸಿನ ಹಾಳೆಯಿಂದ ಬರಹವೂ ಹೋಯಿತು. ಅಲ್ಲಿ ಯಾರೂ ಏನನ್ನೂ ಮುಟ್ಟಿರುವುದಿಲ್ಲ!

ಮಾಯವಾಗೋಕೆ ಇನ್ನೂ ದಾರಿಗಳಿವೆ. ಅನೋಟೇಶನ್ ಕ್ರಾಪ್ ಅನ್ನೋ ಚೌಕಟ್ಟು ಒಂದು ಟಿಪ್ಪಣಿಯ ಅಂಚಿಗೆ ತಾಗಿದರೆ ಸಾಕು, ಇಡೀ ಟಿಪ್ಪಣಿಯೇ ಹೋಗುತ್ತೆ. ಗೋಡೆಯಾದರೆ ಅರ್ಧವಾದರೂ ಉಳಿಯುತ್ತೆ, ಅಕ್ಷರಕ್ಕೆ ಆ ರಿಯಾಯಿತಿ ಇಲ್ಲ. ಇನ್ನು ನೆಂಟರ ನೆಂಟರ ಕಥೆ. ಆರ್ಕಿಟೆಕ್ಟರ ಫೈಲಿನೊಳಗೆ ಲಿಂಕ್ ಆಗಿರುವ ಮೂರನೆಯವರ ಫೈಲು ಓವರ್‌ಲೇ ಆಗಿದ್ದರೆ ನಮ್ಮಲ್ಲಿಗೆ ಬರಲ್ಲ, ಅಟ್ಯಾಚ್‌ಮೆಂಟ್ ಆಗಿದ್ದರೆ ಬರುತ್ತೆ. ಮತ್ತೆ ವ್ಯೂ ಟೆಂಪ್ಲೇಟು. ಲಿಂಕುಗಳ ತೋರುವಿಕೆಯನ್ನೂ ಅದೇ ಹಿಡಿದಿಟ್ಟುಕೊಂಡಿದ್ದರೆ ಒಂದು ಟೆಂಪ್ಲೇಟ್ ಬದಲಿಸಿದಾಗ ನಲವತ್ತು ಹಾಳೆಗಳ ಮುಖ ಒಟ್ಟಿಗೆ ಬದಲಾಗುತ್ತೆ. ಒಳ್ಳೆಯದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ.

ಹಾಗಾದರೆ ಎಲ್ಲವನ್ನೂ ತೋರಿಸಿಬಿಟ್ಟರೆ ಆಯಿತಲ್ಲ? ಆಗಲ್ಲ. ಕಂಬಿ ಕಟ್ಟುವವರ ಹಾಳೆಯಲ್ಲಿ ಬಾಗಿಲಿನ ಬಣ್ಣ, ಸೋಫಾದ ಅಳತೆ ತುಂಬಿದ್ದರೆ ಅವರಿಗೆ ಬೇಕಾದ ಒಂದು ಸಾಲು ಸಂತೆಯಲ್ಲಿ ಕಳೆದುಹೋದ ಮಗುವಿನಂತೆ. ಮರೆಮಾಡೋದೂ ಕೆಲಸವೇ, ಅದೂ ಜವಾಬ್ದಾರಿಯ ಕೆಲಸ. ಒಂದು ಗುರುತು ತೆಗೆಯುವ ಮೊದಲು ಈ ಹಾಳೆಯನ್ನು ಯಾರು ಓದ್ತಾರೆ, ಓದಿ ಏನು ಮಾಡ್ತಾರೆ ಅಂತ ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಉಳಿದರ್ಧ ಸಿಗೋದು ಪರದೆಯ ಮೇಲಲ್ಲ, ಕಾಗದದ ಮೇಲೆ. ಮೂರು ಫೈಲಿನಿಂದ ಬಂದ ಒಂದೇ ಬಾತ್‌ರೂಮಿನ ಮೂರು ಹಾಳೆಗಳನ್ನು ಮುದ್ರಿಸಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿ ನೋಡಿ. ಹತ್ತು ನಿಮಿಷದ ಕೆಲಸ.

ಮನೆ ಕಟ್ಟಿಸುವವರಿಗೆ ಮೊದಲೇ ಹೇಳಿದೆನಲ್ಲ, ನಿಮಗೂ ಸೇರಿದ್ದು ಅಂತ. ಮುಂದಿನ ಸಲ ಇಂಜಿನಿಯರು ಪರದೆಯ ಮೇಲೆ ಮನೆಯನ್ನು ಗಿರಗಿರ ತಿರುಗಿಸಿ ತೋರಿಸಿದಾಗ ಖುಷಿಪಡಿ, ತೊಂದರೆಯಿಲ್ಲ. ಆಮೇಲೆ ಮೆಲ್ಲಗೆ ಕೇಳಿ, "ಇದರಲ್ಲಿ ಬರೆದಿರೋದೆಲ್ಲ ಮೇಸ್ತ್ರಿ ಕೈಗೆ ಹೋಗೋ ಹಾಳೇಲೂ ಇದೆಯಾ?" ಅಂತ. ಅವರು ಒಂದು ಕ್ಷಣ ಸುಮ್ಮನಾದರೆ, ಕಾಂಕ್ರೀಟ್ ಲಾರಿಗೆ ಹೇಳೋದನ್ನ ಒಂದು ದಿನ ಮುಂದಕ್ಕೆ ಹಾಕಿ.