ಉಪ್ಪಿನ ಋಣ

ಮೋಟಾರು ಕಾರಿಗೆ ನಾಲ್ಕು ಬಾಗಿಲುಗಳಿರುವುದು ಒಂದು ಮಹಾದೋಷವೆಂದು ಬಗೆಯುವ ಪಂಡಿತವರ್ಗವೊಂದು ಅಮೆರಿಕದಲ್ಲಿ ಉಂಟು. ನಾನಿರುವ ಒಹಾಯೊ ರಾಜ್ಯದ ಊರೂರುಗಳಲ್ಲಿಯೂ ಬೇಸಿಗೆಯ ಭಾನುವಾರಗಳಂದು ಹಳೆಯ ಕಾರುಗಳ ಜಾತ್ರೆ ನೆರೆಯುವುದಷ್ಟೆ. ಅಲ್ಲಿ ನನ್ನ 1972ರ ಪ್ಲಿಮತ್ ಫ್ಯೂರಿಯನ್ನು ಮರದ ನೆರಳಿಗೆ ನಿಲ್ಲಿಸಿ, ಮಡಿಸುವ ಕುರ್ಚಿಯೊಂದನ್ನು ಹಾಕಿಕೊಂಡು ನಾನು ಕುಳಿತಿರುವಾಗ, ಈ ವರ್ಗಕ್ಕೆ ಸೇರಿದ ಸಜ್ಜನರು ಒಬ್ಬರಾದ ಮೇಲೊಬ್ಬರು ಬಂದು, ‘ನಮ್ಮ ತಾತನ ಹತ್ತಿರ ಇಂಥದೇ ಒಂದಿತ್ತು’ ಎಂದು ಪ್ರಸನ್ನವದನರಾಗಿ ಆರಂಭಿಸಿ, ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಬಾಗಿಲುಗಳು ಕಣ್ಣಿಗೆ ಬೀಳುತ್ತಲೇ ಮುಖವನ್ನು ಸಣ್ಣದು ಮಾಡಿಕೊಂಡು, ‘ಎರಡೇ ಬಾಗಿಲಿನದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!’ ಎಂದು ನಿಟ್ಟುಸಿರಿಟ್ಟು ಮುಂದೆ ಸಾಗುವರು. ತಾತನ ಕಾರಿಗೆ ತಾವು ಹತ್ತುತ್ತಿದ್ದುದು ಆ ಹಿಂದಿನ ಬಾಗಿಲಿನಿಂದಲೇ ಎಂಬುದು ಆ ಮಹನೀಯರಿಗೆ ಮರೆತುಹೋದಂತಿದೆ.

ಹಳೆಯ ಕಾರುಗಳ ಲೋಕದಲ್ಲಿ ತಾರತಮ್ಯಜ್ಞಾನವು ಬಹು ಕಟ್ಟುನಿಟ್ಟಾದುದು. ಮಾಡನ್ನು ಮಡಚಬಹುದಾದ ಕನ್ವರ್ಟಿಬಲ್ಲುಗಳಿಗೆ ಅಗ್ರಪೂಜೆ. ನಡುಗಂಬವಿಲ್ಲದ ಎರಡು ಬಾಗಿಲಿನ ಹಾರ್ಡ್‌ಟಾಪುಗಳಿಗೆ ಅನಂತರದ ಸ್ಥಾನ. ಹೆಂಡತಿ ಮಕ್ಕಳು, ಅತ್ತೆ ಮಾವ, ನಾಯಿ, ಕಿರಾಣಿ ಅಂಗಡಿಯ ಚೀಲಗಳು ಇವಿಷ್ಟನ್ನೂ ದಿನಬೆಳಗಾದರೆ ಹೊತ್ತು ತಿರುಗಿದ ನಾಲ್ಕು ಬಾಗಿಲಿನ ಸೆಡಾನಿಗೆ ಮಾತ್ರ ಪಂಕ್ತಿಯಲ್ಲಿ ಎಲೆಯೇ ಇಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಎರಡು ಬಾಗಿಲಿನದೊಂದನ್ನು ಉದ್ಧರಿಸುವ ಸಲುವಾಗಿ ಅದರ ಸೋದರನಾದ ಸೆಡಾನಿನ ಬಂಪರು, ಬಾನೆಟ್ಟು, ಎಂಜಿನ್ನುಗಳನ್ನು ಕಳಚಿ, ಉಳಿದ ಕಳೇಬರವನ್ನು ಗುಜರಿಗೆ ಹಾಕುವುದು ಈ ಲೋಕದಲ್ಲಿ ಪುಣ್ಯಕಾರ್ಯವೆಂದೇ ಪರಿಗಣಿತವಾಗಿದೆ. ‘ಡೆಮಾಲಿಷನ್ ಡರ್ಬಿ’ ಎಂಬ ಮೈದಾನದ ಆಟವೊಂದುಂಟು. ಅಲ್ಲಿ ಮುದಿ ಸೆಡಾನುಗಳನ್ನು ಪರಸ್ಪರ ಡಿಕ್ಕಿ ಹೊಡೆಸಿ, ಕೊನೆಯವರೆಗೆ ಉಸಿರಾಡುವುದಕ್ಕೆ ಬಹುಮಾನ ಕೊಡುತ್ತಾರೆ. 1960ರ ದಶಕದ ನಡುಭಾಗದ ಇಂಪೀರಿಯಲ್ ಕಾರು ಏನು ಮಾಡಿದರೂ ಸಾಯದೆ ನಿಂತುಬಿಡುತ್ತಿದ್ದುದರಿಂದ ಎಷ್ಟೋ ಕಡೆ ಅದಕ್ಕೆ ಪ್ರವೇಶವನ್ನೇ ನಿಷೇಧಿಸಿದರು. ಗಟ್ಟಿತನಕ್ಕೆ ದೊರೆತ ಮನ್ನಣೆ ಇಷ್ಟು.

ಒಂದಾನೊಂದು ಕಾಲದಲ್ಲಿ ಈ ದೇಶವೆಲ್ಲ ಇವುಗಳಿಂದಲೇ ತುಂಬಿತ್ತು. ಷೆವರ್ಲೆಯವರು 1965ರ ಒಂದೇ ವರ್ಷದಲ್ಲಿ ಇಂಪಾಲಾ ಎಂಬ ಒಂದೇ ಹೆಸರಿನ ಕಾರುಗಳನ್ನು 10 ಲಕ್ಷಕ್ಕೂ ಮಿಕ್ಕಿ ಮಾರಿದರು. ಬ್ಯೂಕ್ ಎಲೆಕ್ಟ್ರಾ 225 ಎಂಬ ಕಾರಿಗೆ ಆ ಅಂಕಿ ಬಂದದ್ದು ಅದರ ಉದ್ದದಿಂದ: 225 ಅಂಗುಲ, ಅಂದರೆ ಹತ್ತೊಂಬತ್ತು ಅಡಿಗೆ ಮೂರೇ ಅಂಗುಲ ಕಡಮೆ, ತನ್ನ ಉದ್ದವನ್ನೇ ಬಿರುದಾಗಿ ಧರಿಸುವ ಆತ್ಮವಿಶ್ವಾಸವು ಆ ಯುಗದ ಲಕ್ಷಣ. ಎಲ್ಲರ ಮನೆಯಲ್ಲಿಯೂ ಇದ್ದದ್ದನ್ನು ಯಾರೂ ಕಾಪಾಡಲಿಲ್ಲ. ಹಂಬಲಿಸಿದ್ದನ್ನು ಜನ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರೆ, ಬಳಸಿದ್ದನ್ನು ಸವೆಸಿ ಎಸೆಯುತ್ತಾರೆ. ನಮ್ಮ ಮನೆಗಳಲ್ಲಿ ಬೆಳ್ಳಿಯ ಪಂಚಪಾತ್ರೆ ಉಳಿದು, ದಿನವೂ ಅನ್ನ ಬೇಯಿಸಿದ ತಪ್ಪಲೆ ಹಳೆಯ ಪಾತ್ರೆಯವನ ಪಾಲಾದಂತೆ.

ಪ್ಲಿಮತ್ ಎಂಬ ಹೆಸರು ನನಗೆ ಇಲ್ಲಿಗೆ ಬರುವ ಮುನ್ನವೇ ಪರಿಚಿತವಾಗಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯವರು ಪ್ಲಿಮತ್, ಡಾಡ್ಜ್, ಡಿಸೋಟೊಗಳನ್ನು ಜೋಡಿಸಿ ಮಾರುತ್ತಿದ್ದರಷ್ಟೆ. ಅವುಗಳಲ್ಲೊಂದು ನಮ್ಮ ಊರಿನ ಸಾಹುಕಾರರ ಮನೆಯ ಮುಂದೆ ನಿಂತಿರುತ್ತಿತ್ತು, ನಾವು ದೂರದಿಂದ ನೋಡುತ್ತಿದ್ದೆವು. ಅದೇ ಹೆಸರಿನ ಕಾರೊಂದು ನನ್ನಂಥ ದರಿದ್ರ ವಿದ್ಯಾರ್ಥಿಯ ಕೈಗೆಟುಕಿದ್ದು ಅರಬ್ ರಾಷ್ಟ್ರಗಳ ಕೃಪೆಯಿಂದ. 1973ರ ಅಕ್ಟೋಬರಿನಲ್ಲಿ ಅವರು ತೈಲವನ್ನು ತಡೆಹಿಡಿದ ಮೇಲೆ, ಪೆಟ್ರೋಲಿಗಾಗಿ ಬೀದಿಯುದ್ದ ಸರದಿ ನಿಲ್ಲಬೇಕಾಗಿ ಬಂದು, ಲೀಟರಿಗೆ ಐದಾರು ಕಿಲೋಮೀಟರು ಓಡುವ ದೊಡ್ಡ ಕಾರುಗಳನ್ನು ಕೇಳುವವರಿಲ್ಲದೆ ಅವುಗಳ ಬೆಲೆ ಪಾತಾಳಕ್ಕಿಳಿಯಿತು. ನಾವು ನಾಲ್ವರು ಕನ್ನಡಿಗ ಸಹಪಾಠಿಗಳು ಹಣ ಕೂಡಿಸಿ ಒಂದು ಫ್ಯೂರಿಯನ್ನು ಕೊಂಡೆವು. ಹದಿನೆಂಟು ಅಡಿ ಉದ್ದದ ಆ ಕಾರಿನ ಮುಂದಿನ ಸೀಟು ಒಂದೇ ಹಲಗೆ, ಗೇರು ಸ್ಟೀಯರಿಂಗಿನ ಬುಡದಲ್ಲಿ. ಆದುದರಿಂದ ಮುಂದೆ ಮೂವರು, ಹಿಂದೆ ಮೂವರು ಎಂಬುದು ಕಂಪನಿಯ ಲೆಕ್ಕ. ಪಿಟ್ಸ್‌ಬರ್ಗಿನ ಬಳಿಯ ಪೆನ್‌ಹಿಲ್ಸಿನಲ್ಲಿ 1976ರ ಸುಮಾರಿಗೆ ಶ್ರೀ ವೆಂಕಟೇಶ್ವರ ದೇವಾಲಯವಾದ ಮೇಲೆ ನಮ್ಮ ಲೆಕ್ಕವೇ ಬೇರೆಯಾಯಿತು: ಹೊಸದಾಗಿ ಮದುವೆಯಾಗಿ ಬಂದ ಹೆಂಡಂದಿರು, ಅವರ ತೊಡೆಯ ಮೇಲಿನ ಶಿಶುಗಳು, ಪುಳಿಯೋಗರೆಯ ಡಬ್ಬಿಗಳು, ಊರಿನಿಂದ ಬಂದ ಯಾರದೋ ತಾಯಿ, ಎಲ್ಲರೂ ಒಳಗೆ. ರೇಷ್ಮೆ ಸೀರೆಯುಟ್ಟ ವೃದ್ಧೆಯೊಬ್ಬರು ಎರಡು ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ನುಸುಳುವ ದೃಶ್ಯವನ್ನು ನನ್ನ ಪಂಡಿತಮಿತ್ರರು ಒಮ್ಮೆ ಕಲ್ಪಿಸಿಕೊಳ್ಳಬೇಕು.

ಆ ಕಾರು ಈಗಿಲ್ಲ. ಅದನ್ನು ಉಪ್ಪು ತಿಂದಿತು.

ಉಪ್ಪಿನ ವಿಷಯ ಸ್ವಲ್ಪ ವಿಸ್ತರಿಸಬೇಕು. ಕಾರುಗಳ ರಾಜಧಾನಿಯೆಂದು ಪ್ರಸಿದ್ಧವಾದ ಡೆಟ್ರಾಯಿಟ್ ನಗರದ ಕೆಳಗೆ, ನೆಲದಿಂದ 1,100 ಅಡಿಗಳಿಗೂ ಹೆಚ್ಚಿನ ಆಳದಲ್ಲಿ, ಸುಮಾರು 1,500 ಎಕರೆಗಳಷ್ಟು ಹರಡಿಕೊಂಡಿರುವ ಒಂದು ಉಪ್ಪಿನ ಗಣಿಯಿದೆ. ಫೋರ್ಡರ ನೆಲೆಯಾದ ಡಿಯರ್‌ಬಾರ್ನಿನ ಅಡಿಗೂ ಅದು ಚಾಚಿದೆ. ಸುಮಾರು 40 ಕೋಟಿ ವರ್ಷಗಳ ಹಿಂದೆ, ಮನುಷ್ಯನಿರಲಿ, ನೆಲದ ಮೇಲೆ ನಾಲ್ಕು ಕಾಲಿನ ಒಂದು ಪ್ರಾಣಿಯೂ ಇಲ್ಲದಿದ್ದ ಕಾಲದಲ್ಲಿ, ಅಲ್ಲಿದ್ದ ಸಮುದ್ರವೊಂದು ಮೆಲ್ಲನೆ ಬತ್ತಿ ಬಿಟ್ಟುಹೋದ ಉಪ್ಪು ಅದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಣಿಯನ್ನು ತೋಡಿದರು. ಮೊದಮೊದಲು ಬಂಡಿ ಎಳೆಯುವುದಕ್ಕೆ ಹೇಸರಗತ್ತೆಗಳನ್ನು ಹಗ್ಗದಲ್ಲಿ ಕಟ್ಟಿ ಇಳಿಸುತ್ತಿದ್ದರಂತೆ. ಒಮ್ಮೆ ಇಳಿದ ಪ್ರಾಣಿ ಮತ್ತೆ ಸೂರ್ಯನನ್ನು ಕಾಣುತ್ತಿರಲಿಲ್ಲವಂತೆ. ಮುಂದೆ ಲಾರಿಗಳು ಬಂದವು. ಬಾವಿಯ ಬಾಯಿ ಚಿಕ್ಕದಾದುದರಿಂದ ಅವನ್ನು ಬಿಡಿಬಿಡಿಯಾಗಿ ಕಳಚಿ ಇಳಿಸಿ, ಪಾತಾಳದಲ್ಲಿ ಪುನಃ ಜೋಡಿಸಬೇಕಾಯಿತು. ಹೀಗೆ, ಮೇಲೆ ಒಂದು ನಗರ ಕಾರುಗಳನ್ನು ಜೋಡಿಸುತ್ತಿರಲು, ಅದರ ನೇರ ಕೆಳಗೆ ಇನ್ನೊಂದು ಕತ್ತಲ ನಗರವು ಆ ಕಾರುಗಳನ್ನು ತಿನ್ನತಕ್ಕ ವಸ್ತುವನ್ನು ಅಗೆಯುತ್ತಿತ್ತು.

ಏಕೆಂದರೆ ಆ ಉಪ್ಪು ಊಟದ ಎಲೆಗೆ ಹೋಗುವುದಿಲ್ಲ, ರಸ್ತೆಗೆ ಹೋಗುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದು. ಆದುದರಿಂದ ಹಿಮ ಬೀಳುವ ಮೊದಲೇ ಲಾರಿಗಳು ಹೊರಟು ದಾರಿಯುದ್ದಕ್ಕೂ ಬಿತ್ತನೆಯ ಕಾಲದ ರೈತರಂತೆ ಉಪ್ಪನ್ನು ಎರಚುತ್ತ ಸಾಗುತ್ತವೆ. ಇದರಿಂದ ಮನುಷ್ಯರ ಪ್ರಾಣ ಉಳಿಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಉಪ್ಪುನೀರು ಚಕ್ರದಿಂದ ಚಿಮ್ಮಿ, ಮಡ್‌ಗಾರ್ಡಿನ ಒಳಮೈಗೆ, ಬಾಗಿಲಿನ ತಳಕ್ಕೆ, ಕಾಲಿಡುವ ತಗಡಿನ ಸಂದುಗಳಿಗೆ ಸೇರಿಕೊಂಡು, ಹೊರಗೆ ಬಣ್ಣ ಹೊಳೆಯುತ್ತಿರುವಂತೆಯೇ ಒಳಗಿನಿಂದ ಕಬ್ಬಿಣವನ್ನು ತಿನ್ನಲು ತೊಡಗುತ್ತದೆ. ಮೊದಲು ಬಣ್ಣದ ಮೇಲೆ ಒಂದು ಬೊಕ್ಕೆ; ಮರುವರ್ಷ ಅಲ್ಲಿ ತೂತು; ಬಳಿಕ, ಹಿಂದಿನ ಸೀಟಿನಲ್ಲಿ ಕುಳಿತ ಮಗು ‘ಅಪ್ಪಾ, ರೋಡು ಕಾಣಿಸುತ್ತಿದೆ’ ಎನ್ನುತ್ತದೆ. ಪ್ಲಿಮತ್ ಸೇರಿದ್ದ ಕ್ರೈಸ್ಲರ್ ಬಳಗದ ಬಹುತೇಕ ಕಾರುಗಳಲ್ಲಿ 1960ರಿಂದಾಚೆಗೆ ಚಾಸಿಯೂ ಮೈಯೂ ಬೇರೆಬೇರೆಯಾಗಿರದೆ ಒಂದಾಗಿ ಬೆಸೆದಿದ್ದುವು. ಆದುದರಿಂದ ಮೈ ಹೋದರೆ ಎಲುಬೂ ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮವರು ಹೇಳುವರು. ನಮ್ಮ ಫ್ಯೂರಿ ಎರಡನ್ನೂ ಒಟ್ಟಿಗೆ ಸೇವಿಸಿತು, ತಪ್ಪೊಂದನ್ನೂ ಮಾಡದೆ.

ಇಷ್ಟಾದರೂ ಉಪ್ಪನ್ನು ಬರಿದೆ ದೂಷಿಸಲಾರೆ. ನೀರಿನ ಸಂಗವಿಲ್ಲದ ಉಪ್ಪಿನಷ್ಟು ಸಾಧುವಾದ ವಸ್ತು ಇನ್ನೊಂದಿಲ್ಲ. ಕಾನ್ಸಸ್ ರಾಜ್ಯದ ಹಚಿನ್‌ಸನ್ ಎಂಬ ಊರಿನಲ್ಲಿ 650 ಅಡಿ ಆಳದ ಉಪ್ಪಿನ ಗಣಿಯೊಂದರ ಬರಿದಾದ ಕೋಣೆಗಳನ್ನೇ ಉಗ್ರಾಣ ಮಾಡಿ, ಅಲ್ಲಿನ ಒಣಹವೆ ಕಾಗದವನ್ನೂ ಫಿಲ್ಮನ್ನೂ ಕೆಡಗೊಡುವುದಿಲ್ಲವೆಂದು, ಹಾಲಿವುಡ್ಡಿನ ಎಷ್ಟೋ ಚಿತ್ರಗಳ ಮೂಲ ಸುರುಳಿಗಳನ್ನು ಇರಿಸಿದ್ದಾರೆ. ಆ ಕಾಲದ ಚಿತ್ರಗಳಲ್ಲಿ ನಾಲ್ಕು ಬಾಗಿಲಿನ ಸೆಡಾನುಗಳಿಗೆ ಸಿಗುತ್ತಿದ್ದ ಪಾತ್ರ ಒಂದೇ: ಪೋಲೀಸರ ಕಾರಾಗಿ ನಾಯಕನ ಬೆನ್ನಟ್ಟಿ, ಹಳ್ಳಕ್ಕೆ ಬಿದ್ದು ನಜ್ಜುಗುಜ್ಜಾಗುವುದು. 1980ರಲ್ಲಿ ಬಂದ ‘ಬ್ಲೂಸ್ ಬ್ರದರ್ಸ್’ ಎಂಬ ಒಂದು ಚಿತ್ರವನ್ನು ನೋಡಿದರೆ ಸಾಕು, ಎಂಥ ವಂಶನಾಶವೆಂಬುದು ಮನವರಿಕೆಯಾಗುತ್ತದೆ. ಕಾರನ್ನು ಉಪ್ಪು ತಿಂದಿತು. ಕಾರಿನ ಚಿತ್ರವನ್ನು ಉಪ್ಪು ಕಾಯುತ್ತಿದೆ. ಇದರ ನ್ಯಾಯಾನ್ಯಾಯವನ್ನು ನನ್ನಿಂದ ಇತ್ಯರ್ಥಪಡಿಸಲು ಆಗಿಲ್ಲ.

ನಿವೃತ್ತನಾದ ಮೇಲೆ ನಾನು ಈಗಿನ ಫ್ಯೂರಿಯನ್ನು ಅರಿಜೋನಾದಿಂದ ತರಿಸಿದೆ. ಅದು ಮರುಭೂಮಿಯ ಕಾರು. ಬಿಸಿಲಿಗೆ ಡ್ಯಾಷ್‌ಬೋರ್ಡು ಬಿರಿದಿದೆ, ಸೀಟಿನ ಬಟ್ಟೆ ಬೂದಿಯಾಗಿದೆ, ಆದರೆ ತಗಡು ವಜ್ರದೇಹ. 318 ಘನ ಅಂಗುಲದ ಎಂಜಿನ್ನಿಗೆ ಬಿಡಿಭಾಗಗಳ ಚಿಂತೆಯಿಲ್ಲ. ಲಾರಿಗಳಲ್ಲಿಯೂ ಅದೇ ಎಂಜಿನ್ನು ದಶಕಗಟ್ಟಲೆ ದುಡಿದಿದೆ. ತೊಡಕೆಲ್ಲ ಹಿಂದಿನ ಬಾಗಿಲುಗಳದು. ಮುಸ್ಟಾಂಗಿನಂಥ ಕಾರಿಗೆ ತಲೆಯಿಂದ ಕಾಲಿನವರೆಗೆ ಹೊಸ ಭಾಗಗಳನ್ನು ಮಾಡಿ ಮಾರುವವರಿದ್ದಾರೆ. ಫ್ಯೂರಿಯ ಹಿಂಬಾಗಿಲಿನ ಅಂಚಿನ ರಬ್ಬರು ಪಟ್ಟಿಯನ್ನು ಮಾಡುವ ಪುಣ್ಯಾತ್ಮನೊಬ್ಬನೂ ನನಗೆ ಸಿಕ್ಕಿಲ್ಲ. ‘ಆ ಹಣಕ್ಕೆ ಊರಿನಲ್ಲಿ ಒಂದು ಮನೆಯ ಮಹಡಿ ಎಬ್ಬಿಸಬಹುದಾಗಿತ್ತು ಕಣ್ರೀ’ ಎಂದು ನನ್ನಾಕೆ ಹೇಳುವಾಗ ನಾನು ಗುಜರಿಯವರಿಗೆ ಫೋನು ಮಾಡುವುದರಲ್ಲಿ ಮಗ್ನನಾಗಿರುತ್ತೇನೆ.

2009ರಲ್ಲಿ ಸರ್ಕಾರವು ಪೆಟ್ರೋಲು ಕುಡುಕ ಕಾರುಗಳನ್ನು ಒಪ್ಪಿಸಿದವರಿಗೆ ಹೊಸ ಕಾರಿನ ಬೆಲೆಯಲ್ಲಿ ರಿಯಾಯಿತಿ ಕೊಟ್ಟಿತು. ಒಪ್ಪಿಸಿದ ಕಾರಿನಿಂದ ಎಣ್ಣೆಯನ್ನು ಬಸಿದು, ಸೋಡಿಯಂ ಸಿಲಿಕೇಟಿನ ದ್ರಾವಣವನ್ನು ಸುರಿದು, ಎಂಜಿನ್ನು ಬಿಗಿದು ನಿಲ್ಲುವವರೆಗೆ ಓಡಿಸಬೇಕೆಂದು ನಿಯಮ. ಅದೂ ಒಂದು ಲವಣವೇ. ಇಪ್ಪತ್ತೈದು ವರ್ಷ ಮೀರಿದ ಕಾರುಗಳಿಗೆ ಆ ಯೋಜನೆ ಅನ್ವಯಿಸದಿದ್ದುದರಿಂದ ನನ್ನದು ಮುದಿತನದ ಬಲದಿಂದಲೇ ಬದುಕಿಕೊಂಡಿತು.

ಈಗೊಂದು ಹೊಸ ಸಂಕಟ ಒದಗಿದೆ. ನನ್ನ ತಂಗಿಯ ಮಗಳ ಮದುವೆ ಡಿಸೆಂಬರಿನ ಕೊನೆಯ ವಾರದಲ್ಲಿ, ಎಲ್ಲರಿಗೂ ರಜೆಯಿರುವುದೆಂದು, ಇದೇ ಊರಿನಲ್ಲಿ ನಿಶ್ಚಯವಾಗಿದೆ. ‘ಮಾವ, ನಾನು ಮಂಟಪಕ್ಕೆ ಬರುವುದು ನಿಮ್ಮ ಫ್ಯೂರಿಯಲ್ಲೇ’ ಎಂದು ಹುಡುಗಿ ಹಟ ಹಿಡಿದಿದ್ದಾಳೆ. ವಧುವನ್ನು ಕರೆತರುವುದು ಸೋದರಮಾವನ ಹಕ್ಕಾದುದರಿಂದ ಇಲ್ಲವೆನ್ನುವ ಹಾಗಿಲ್ಲ. ಆ ವಾರ ಇಲ್ಲಿ ಹಿಮ ಬೀಳುವುದೂ, ಉಪ್ಪಿನ ಲಾರಿಗಳು ಹೊರಡುವುದೂ ನಿಶ್ಚಿತ. ನಿನ್ನೆ ರಾತ್ರಿ, ಜನ್ಮದಲ್ಲಿ ಪಂಚಾಂಗವನ್ನು ಬಿಚ್ಚಿ ನೋಡದ ನಾನು ತಂಗಿಗೆ ಫೋನು ಮಾಡಿ, ಅದು ಧನುರ್ಮಾಸವೆಂದೂ, ಆ ಮಾಸದಲ್ಲಿ ವಿವಾಹವು ಶಾಸ್ತ್ರಸಮ್ಮತವಲ್ಲವೆಂದೂ, ಮೇ ತಿಂಗಳಿನಲ್ಲಿ ದಿವ್ಯವಾದ ಮುಹೂರ್ತಗಳಿರುವುವೆಂದೂ ಸಾವಧಾನವಾಗಿ ನಿರೂಪಿಸಿದೆ.

‘ಅಣ್ಣಾ,’ ಎಂದಳು ಅವಳು, ‘ಹಾಲ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ.’