ಒಂದೇ ಮನೆ, ಎರಡು ಒಲೆ

ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಹೊತ್ತಿದವೆಂದರೆ ಅಣ್ಣತಮ್ಮಂದಿರು ಬೇರೆಯಾದರೆಂದೇ ಅರ್ಥ. ಹೊಸರಿತ್ತಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಎರಡು ಒಲೆ ಹೊತ್ತಿಸಿದ ಮೇಲೆಯೇ ಕೈತಪ್ಪಿದ್ದ ಒಂದು ಕಥೆ ಮರಳಿ ಸಿಕ್ಕಿತು.

ಅಮ್ಮಿ ದಖನಿಯಲ್ಲಿ ಹೇಳುತ್ತಿದ್ದ ಕಥೆಗಳನ್ನು ನಾವು ಕನ್ನಡದಲ್ಲಿ ಬರೆದು, ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಇಟ್ಟಿದ್ದೆವು. ಅಮ್ಮಿ ತೀರಿಕೊಂಡರು. 2019ರ ಆಗಸ್ಟ್‌ನಲ್ಲಿ ವರದೆಗೆ ನೆರೆ ಬಂದಾಗ ಕಾಗದದ ಪ್ರತಿಗಳು ನೆಂದು ಹಾಳಾದವು. ಉಳಿದದ್ದು ಕಂಪ್ಯೂಟರಿನ ಕಡತಗಳಷ್ಟೇ. ಅವು ಹಳೆಯ ನುಡಿ ಫಾಂಟಿನವು. ಆ ಫಾಂಟು ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅವನ್ನು ಯೂನಿಕೋಡಿಗೆ ತಿರುಗಿಸಲು ತಂಗಿಯ ಮಗ ಹಿಂದೊಮ್ಮೆ ಪೈಥಾನ್ 2ರಲ್ಲಿ ಪುಟ್ಟದೊಂದು ಪ್ರೋಗ್ರಾಮು ಬರೆದುಕೊಟ್ಟಿದ್ದ.

ಮಗಳು ಬಿಸಿಎ ಸೇರಿದಳು. ಅವಳ ಪಾಠಕ್ಕೆ ಪೈಥಾನ್ 3 ಬೇಕಾಯಿತು. ಒಂದಿದ್ದರೆ ಸಾಲದೇ ಎಂದು ನಾವು ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕಿದೆವು. ಆಮೇಲೆ ಅಮ್ಮಿಯ ಕೊನೆಯ ಕಥೆಯನ್ನು ತಿರುಗಿಸಲು ಕೂತರೆ, ಪ್ರೋಗ್ರಾಮು ‘ಪ್ರಿಂಟ್’ ಎಂಬ ಪದಕ್ಕೇ ನಿಂತಿತು. ಹಳೆಯದರಲ್ಲಿ ಅದಕ್ಕೆ ಕಂಸ ಬೇಕಿರಲಿಲ್ಲ, ಹೊಸದರಲ್ಲಿ ಬೇಕು. ಕಂಸ ಹಾಕಿದೆವು. ಮುಂದೆ ಅಕ್ಷರಗಳನ್ನು ಓದುವ ಕಡೆ ಮತ್ತೆ ನಿಂತಿತು.

ಫೋನು ಮಾಡಿದಾಗ ಅಳಿಯ ನಕ್ಕ. “ಮಾಮೂ, ಹೊಸಾದು ಬಂತಂತ ಹಳೇದನ್ನ ಯಾಕ ತೆಗದ್ರಿ? ಎರಡೂ ಇರ್ಲಿ. ಒಂದನ್ನೊಂದು ಮುಟ್ಟದಂಗ ಇಟ್ರ ಸಾಕು.”

2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂದಾಗ, ಹಳೆಯದರೊಂದಿಗಿನ ಹೊಂದಾಣಿಕೆಯನ್ನು ಅದನ್ನು ರೂಪಿಸಿದವರು ಬೇಕೆಂದೇ ಕೆಲವು ಕಡೆ ಬಿಟ್ಟರು. ಹಳೆಯದರಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟುಗಳ ಸಾಲು. ಹೊಸದರಲ್ಲಿ ಯೂನಿಕೋಡ್ ಅಕ್ಷರಗಳ ಸಾಲು. ನುಡಿಯ ಕಡತವನ್ನು ಬೈಟು ಬೈಟಾಗಿ ಓದುವ ನಮ್ಮ ಪ್ರೋಗ್ರಾಮು ಎಡವಿದ್ದು ಅಲ್ಲಿ. ಎಡವಿದರಾದರೂ ಗೊತ್ತಾಗುತ್ತದೆ. ಏಳನ್ನು ಎರಡರಿಂದ ಭಾಗಿಸೆಂದರೆ ಹಳೆಯದು 3 ಎನ್ನುತ್ತದೆ, ಹೊಸದು 3.5 ಎನ್ನುತ್ತದೆ, ತಪ್ಪಾಯಿತೆಂದು ಎರಡೂ ಹೇಳುವುದಿಲ್ಲ. ಭಯಪಡಬೇಕಾದ್ದು ಅಂಥ ಕಡೆ.

ಅಳಿಯ ಹೇಳಿದಂತೆ ಪೈಥಾನ್ 2.7ನ್ನು ಬೇರೆ ಫೋಲ್ಡರಿನಲ್ಲಿ ಮತ್ತೆ ಹಾಕಿದೆವು. ಬರೀ ‘ಪೈಥಾನ್’ ಎಂದರೆ ಕಂಪ್ಯೂಟರು ತನ್ನ ‘ಪಾತ್’ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಎಬ್ಬಿಸುತ್ತದೆ. ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ಕೂಗಿದಾಗ ಹತ್ತಿರದ ಮನೆಯವನೇ ಓಗೊಟ್ಟ ಹಾಗೆ. ಅದಕ್ಕೆ ವಿಂಡೋಸ್‌ನಲ್ಲಿ ಪೈಥಾನ್ 3ರ ಜೊತೆಗೇ ಬಂದಿದ್ದ ‘ಪೈ’ ಎಂಬ ಆದೇಶದ ಮುಂದೆ ಅಡ್ಡಗೆರೆ ಹಾಕಿ, 2 ಅಥವಾ 3 ಎಂದು ನಮೂದಿಸಿ ಕರೆಯುವುದನ್ನು ಕಲಿತೆವು. ಮಗಳ ಪಾಠದ ಲೈಬ್ರರಿಗಳು ಅವಳದೇ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಕೂತವು. ಪೈಥಾನ್ 2ರ ಆಯುಷ್ಯ 2020ರ ಜನವರಿ 1ಕ್ಕೇ ಮುಗಿದಿದೆ. ಅದರ ತಯಾರಕರಿಂದ ಸುರಕ್ಷತೆಯ ತಿದ್ದುಪಡಿಗಳು ಬರುವುದಿಲ್ಲ. ಹಾಗಾಗಿ ಅದಕ್ಕೆ ಈ ಒಂದೇ ಕೆಲಸ, ಅದೂ ಇಂಟರ್ನೆಟ್ ತೆಗೆದಿಟ್ಟು.

ಕಥೆ ತಿರುಗಿ ಬಂತು. ನುಡಿಯ ಕಡತದಲ್ಲಿ ‘ದರ್ಗಾ’ ಎಂಬ ಪದದ ಅರ್ಕಾವೊತ್ತು ‘ಗಾ’ ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಅದಕ್ಕಿಂತ ಮುಂಚೆ ಬರಬೇಕು. ಹಳೆಯ ಪ್ರೋಗ್ರಾಮಿಗೆ ಆ ಪಾಠ ಗೊತ್ತಿತ್ತು. ಮಗಳು ಈಗ ಅದನ್ನು ಪೈಥಾನ್ 3ಕ್ಕೆ ಹೊಂದಿಸುತ್ತಿದ್ದಾಳೆ. ಎರಡರಿಂದಲೂ ಬಂದ ಕಥೆಗಳನ್ನು ಸಾಲು ಸಾಲು ಹೋಲಿಸಿ, ಒಂದು ಒತ್ತೂ ಹೆಚ್ಚುಕಡಿಮೆ ಇಲ್ಲವೆಂದಾದ ದಿನ ಹಳೆಯ ಒಲೆ ಆರಿಸುವುದೆಂದು ಮಾತಾಗಿದೆ.

ನಾವು ಮೊದಲು ಕಲಿತದ್ದು ಬಲದಿಂದ ಎಡಕ್ಕೆ ಬರೆಯುವ ಉರ್ದು; ಆಮೇಲೆ ಎಡದಿಂದ ಬಲಕ್ಕೆ ಕನ್ನಡ. ಇವುಗಳಲ್ಲಿ ನಿಮ್ಮದು ಯಾವುದೆಂದು ಕೇಳುವವರಿಗೆ ‘ಎರಡೂ’ ಎಂದು ಎಷ್ಟೋ ಸಲ ಉತ್ತರ ಕೊಟ್ಟಿದ್ದೇವೆ. ಕಂಪ್ಯೂಟರಿನ ಮುಂದೆ ಕೂತಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ!

ಅಮ್ಮಿಯ ಕಥೆಯನ್ನು ಮಗಳು ಗಟ್ಟಿಯಾಗಿ ಓದಿದಳು. ನಡುವೆ ನಿಲ್ಲಿಸಿ, “ದಾದಿಮಾ ಹಿಂಗ ಮಾತಾಡ್ತಿದ್ರೇನು ಅಬ್ಬಾ?” ಎಂದಳು.

“ಹೂಂ, ಹಿಂಗ” ಎಂದೆವು.