ಬ್ಯಾಂಕಾಕಿನಲ್ಲಿ ಒಂದು ಹಗಲು

ಬೆನ್ನಿಗೆ ಚೀಲ ಕಟ್ಟಿಕೊಂಡು ದೇಶ ಸುತ್ತುವುದು ಎಳೆಯರ ಕೆಲಸವೆಂದು ಮಕ್ಕಳು ಹೇಳಿದರೂ ಕೇಳದೆ, ನಾವು ಮನೆಯವರೊಡನೆ ಬ್ಯಾಂಕಾಕಿಗೆ ಹೋದೆವು. ಅಲ್ಲಿಯ ಅರಮನೆಯ ಆವರಣದಲ್ಲಿ, ಮರಕತಬುದ್ಧನ ಆಲಯದ ಸುತ್ತಿನ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ರಾಮಕಥೆಯಿದೆ. ಅದನ್ನು ನೋಡಬೇಕೆಂಬುದು ಮನೆಯವರ ಬಹುದಿನದ ಹಂಬಲ. ಅದಕ್ಕೆಂದು ಕಡೆಯ ದಿನವನ್ನು ಮೀಸಲಿಟ್ಟಿದ್ದೆವು.

ಬೀದಿಯಲ್ಲಿ ಸಜ್ಜನನಂತೆ ತೋರಿದವನೊಬ್ಬನು ಕೈಮುಗಿದು “ಸವದ್ದೀ” ಎಂದನು. ಅದು ನಮ್ಮ ‘ಸ್ವಸ್ತಿ’ಯೇ ಅಲ್ಲವೆ! ವಾಚಕರು ನಗಬಾರದು, ಆ ಒಂದು ಶಬ್ದದಿಂದಲೇ ಅವನು ನಮಗೆ ಸ್ವಜನನಾದನು. ಅರಮನೆಯು ಮಧ್ಯಾಹ್ನದವರೆಗೆ ಮುಚ್ಚಿದೆಯೆಂದು ಹೇಳಿ, ಮೂರು ಗಾಲಿಯ ಬಾಡಿಗೆ ಗಾಡಿಯಲ್ಲಿ ನಮ್ಮನ್ನು ಕೂರಿಸಿದನು. ಗಾಡಿಯು ನಿಂತದ್ದು ರತ್ನದಂಗಡಿಯ ಮುಂದೆ, ಅಲ್ಲಿಂದ ಮತ್ತೊಂದಂಗಡಿ. ಬಿಡಿಸಿಕೊಂಡು ಬರುವಷ್ಟರಲ್ಲಿ ಮೂರೂವರೆ ಗಂಟೆ ದಾಟಿ, ಅರಮನೆಯಲ್ಲಿ ಟಿಕೀಟು ಕೊಡುವುದು ನಿಂತಿತ್ತು. ಬೆಳಗಿನಿಂದಲೂ ಬಾಗಿಲು ತೆರೆದೇ ಇತ್ತಂತೆ! ಮನೆಯವರ ಮುಖವನ್ನು ನೋಡಲು ನಮಗೆ ಧೈರ್ಯವಾಗಲಿಲ್ಲ.

ನದಿಯಾಚೆಯ ಅರುಣಾಲಯವನ್ನಾದರೂ ತೋರಿಸೋಣವೆಂದು ಹೊರಟು ದಾರಿ ತಪ್ಪಿದೆವು. ನಮ್ಮ ಮಾತೊಂದನ್ನೂ ಅರಿಯದ ಹಣ್ಣು ಮಾರುವ ಮುದುಕಿಯೊಬ್ಬಳು, ಬುಟ್ಟಿಯನ್ನು ನೆರೆಯವಳಿಗೊಪ್ಪಿಸಿ, ದೋಣಿಗಟ್ಟೆಯವರೆಗೂ ನಡೆದು ಬಂದಳು. ಪಿಂಗಾಣಿಯ ಚೂರುಗಳಿಂದ ಅಲಂಕೃತವಾದ ಆ ಗೋಪುರವು ಸಂಜೆಬಿಸಿಲಿನಲ್ಲಿ ಹೊಳೆಯುತ್ತಿತ್ತು.

“ಸ್ವಸ್ತಿ ಎಂದವನು ಅಂಗಡಿಗೆ ಕಳುಹಿಸಿದ, ಏನೂ ಅನ್ನದವಳು ದಡ ಮುಟ್ಟಿಸಿದಳು” ಎಂದರು ಮನೆಯವರು.

ಬಹುಕಾಲ ಶಬ್ದಾರ್ಥ ಕಲಿಸಿದ ನಾವು ಸುಮ್ಮನೆ ತಲೆದೂಗಿದೆವು.